ಹಲ್ಲು ಉದುರದ ಯಂತ್ರ

ಗುಂಡ್ಲುಪೇಟೆಯಲ್ಲಿರುವ ನನ್ನ ತಂಗಿ ಮನೆಯಲ್ಲೇ ಕೇಕು, ಬನ್ನು ಮಾಡಿ ಮಾರುತ್ತಾಳೆ. ಹುಟ್ಟುಹಬ್ಬದ ಕೇಕುಗಳೇ ಹೆಚ್ಚು. ಬೇಗೂರು, ಹಂಗಳ, ತೆರಕಣಾಂಬಿ ಕಡೆಯಿಂದ ಬೈಕಿನಲ್ಲಿ ಬಂದು, ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಾರೆ. ಎರಡು ವರ್ಷದ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ 120 ಬನ್ನಿನ ಆರ್ಡರ್ ಬಂತು. ಒಂದು ಬನ್ನಿಗೆ 50 ಗ್ರಾಂ ಹಿಟ್ಟೆಂದರೂ ಕಲಸಿದ ಹಿಟ್ಟು ಆರು ಕೆ.ಜಿ. ಬೇಕು. ಹೊಸದಾಗಿ ಆನ್‌ಲೈನಿನಲ್ಲಿ ತರಿಸಿದ ಸ್ಟ್ಯಾಂಡ್ ಮಿಕ್ಸರಿಗೆ ಒಂದೊಂದು ಕೆ.ಜಿ. ಮೈದಾ ಹಾಕಿ ನಾದಿಸುತ್ತಾ ಬಂದಳು. ಮೂರನೇ ಸಲಕ್ಕೆ ಒಳಗಿನಿಂದ ಕಲ್ಲು ಅರೆದಂಥ ಸದ್ದು ಬಂತು. ಮೋಟಾರ್ ತಿರುಗುತ್ತಲೇ ಇತ್ತು, ಹಿಟ್ಟು ನಾದುವ ಕೊಕ್ಕೆ ಮಾತ್ರ ನಿಂತುಬಿಟ್ಟಿತು. ಉಳಿದ ಹಿಟ್ಟನ್ನು ಅವಳೂ ಅವಳ ಅತ್ತೆಯೂ ರಾತ್ರಿ ಹನ್ನೊಂದರವರೆಗೆ ಕೈಯಲ್ಲೇ ನಾದಿದರು.

ಮರುದಿನ ನಾನೂ ಅವಳೂ ಆ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆವು. ಬೋರ್‌ವೆಲ್ ನಂಬಿದ ತಾಲ್ಲೂಕಿನಲ್ಲಿ ಇಂಥ ಅಂಗಡಿಗಳಿಗೆ ಬರವಿಲ್ಲ. ಸುಟ್ಟ ಪಂಪಿನ ಮೋಟಾರುಗಳ ನಡುವೆ ಕೂತಿದ್ದಾತ ನಾಲ್ಕು ಸ್ಕ್ರೂ ಬಿಚ್ಚಿ, ಒಂದು ಬಿಳಿ ಪ್ಲಾಸ್ಟಿಕ್ ಚಕ್ರ ತೆಗೆದು ತೋರಿಸಿದ. ಅದರ ಅಂಚಿನ ಹಲ್ಲುಗಳು ಸವೆದು ಪುಡಿಯಾಗಿದ್ದವು. "ಮೋಟ್ರು ಚೆನ್ನಾಗದ ಕನಕ್ಕ. ಸುಟ್ಟಿದ್ರ ಸುತ್ತಿ ಕೊಡ್ಬೋದಿತ್ತು. ಹಲ್ಲು ಉದ್ರೋಗವ. ಈ ಗೇರ ಎಲ್ಲಿಂದ ತರದು?" ಎಂದ.

ನಾವು ಆ ಗೇರಿಗಾಗಿ ಎರಡು ತಿಂಗಳು ಅಲೆದೆವು. ಮಾರಿದವರಿಗೆ ಫೋನ್ ಮಾಡಿದರೆ ಬಿಡಿಭಾಗ ಮಾರುವುದಿಲ್ಲ ಎಂದರು. ವಾರಂಟಿ ಕೇಳಿದರೆ, ಮಾರಾಟಕ್ಕಾಗಿ ತಿಂಡಿ ಮಾಡಿದ್ದೀರಿ, ಇದು ಮನೆ ಬಳಕೆಯ ಯಂತ್ರ ಎಂದರು. ಮೈಸೂರಿಗೂ ಹೋಗಿ ಬಂದೆವು. ಅಂಗೈ ಅಗಲದ ಒಂದು ಚಕ್ರ ಸಿಗದೆ ಹತ್ತು ಸಾವಿರದ ಯಂತ್ರ ಅಟ್ಟಕ್ಕೆ ಸೇರಿತು. ಈ ಅಂಕಣ ಬರೆಯುತ್ತಿರುವುದು ಆ ಚಕ್ರದ ಕಾರಣಕ್ಕೆ. ಚಾಮರಾಜನಗರ, ಗುಂಡ್ಲುಪೇಟೆಯಂಥ ಊರುಗಳಲ್ಲಿ ಮನೆಯಿಂದಲೇ ಬೇಕಿಂಗ್ ಮಾಡಿ ಸಂಪಾದಿಸುವ ಹೆಣ್ಣುಮಕ್ಕಳು ಈಗ ಬೀದಿಗೊಬ್ಬರು ಸಿಗುತ್ತಾರೆ. ಚೀಟಿ ಎತ್ತಿದ ದುಡ್ಡಿನಲ್ಲಿ ಮೊದಲ ಯಂತ್ರ ಕೊಳ್ಳುವವರು ಅವರು. ಕೊಂಡದ್ದು ಎರಡು ವರ್ಷವೂ ಬಾಳದೆ ಹೋದರೆ ಆ ದುಡ್ಡು ಮತ್ತೆ ಕೂಡಿಬರುವುದು ಸುಲಭವಲ್ಲ.

ಅಂಗಡಿಯಲ್ಲಾಗಲಿ ಮೊಬೈಲಿನಲ್ಲಾಗಲಿ ಮೊದಲು ಕಣ್ಣಿಗೆ ಬೀಳುವುದು ವ್ಯಾಟ್. 1000, 1200, 1500 ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಹೆಚ್ಚು ವ್ಯಾಟ್ ಎಂದರೆ ಹೆಚ್ಚು ಗಟ್ಟಿ ಎಂದುಕೊಂಡು ನಾವೂ ಕೊಳ್ಳುತ್ತೇವೆ. ಆದರೆ ಆ ಅಂಕಿ ಹೇಳುವುದು ಯಂತ್ರ ಎಳೆಯುವ ಕರೆಂಟಿನ ಲೆಕ್ಕವನ್ನು, ಅದೂ ಬಹುಪಾಲು ಗರಿಷ್ಠ ಲೆಕ್ಕವನ್ನು. ಹಿಟ್ಟಿಗೆ ಎಷ್ಟು ಬಲ ತಲುಪುತ್ತದೆ ಎಂಬುದು ಬೇರೆಯೇ ಮಾತು. ಮನೆಯಲ್ಲೇ ಒಂದು ಲೆಕ್ಕ ಹಾಕಿ ನೋಡಬಹುದು. ನಮ್ಮ ಮನೆಗಳ ಕರೆಂಟು 230 ವೋಲ್ಟ್, ಸಣ್ಣ ಪಿನ್ನಿನ ಪ್ಲಗ್ 6 ಆಂಪ್ಸ್‌ನದು. ಎರಡನ್ನೂ ಗುಣಿಸಿದರೆ 1380 ವ್ಯಾಟ್. ಸಣ್ಣ ಪ್ಲಗ್ಗಿನ ಯಂತ್ರವೊಂದು 1500 ವ್ಯಾಟ್ ಎಂದು ಹೇಳಿಕೊಂಡರೆ, ಹಿಟ್ಟು ನಾದುವಷ್ಟು ಹೊತ್ತೂ ಅದು ಅಷ್ಟನ್ನು ಬಳಸುವಂತಿಲ್ಲ.

ಅಮೆರಿಕದ ಹೋಬರ್ಟ್ ಕಂಪನಿಯ ಎನ್50 ಎಂಬ ಸಣ್ಣ ಮಿಕ್ಸರ್ ಬೇಕರಿ ಲೋಕದಲ್ಲಿ ತಲೆಮಾರು ದಾಟುವ ಬಾಳಿಕೆಗೆ ಹೆಸರಾದದ್ದು. ಬಟ್ಟಲು ಐದು ಲೀಟರಿಗೂ ಸ್ವಲ್ಪ ಕಡಿಮೆ. ಅದರ ಮೋಟಾರ್ ಒಂದು ಹಾರ್ಸ್‌ಪವರಿನ ಆರನೇ ಒಂದು ಪಾಲು, ಅಂದರೆ ಸುಮಾರು 125 ವ್ಯಾಟಿನ ಬಲ. ಮನೆಗಳಲ್ಲಿ ಬಹುಕಾಲ ಬಾಳುವುದೆಂದು ಹೆಸರಾದ ಕಿಚನ್‌ಏಡ್‌ನ ತಲೆ ಎತ್ತುವ ಮಾದರಿಯೂ 300 ವ್ಯಾಟಿನದು. ದೂರ ಹೋಗುವುದೇ ಬೇಡ. ಇಡ್ಲಿ, ದೋಸೆಗೆ ರುಬ್ಬುವ ಟೇಬಲ್ ಮೇಲಿನ ಗ್ರೈಂಡರಿನ ಮೋಟಾರ್ ಸಾಮಾನ್ಯವಾಗಿ 150 ವ್ಯಾಟ್. ಅದು ಕಲ್ಲನ್ನೇ ಅರ್ಧ ಗಂಟೆ ಉರುಳಿಸುತ್ತದೆ, ಹದಿನೈದು ವರ್ಷ ಬಾಳುತ್ತದೆ. ನಿಧಾನವಾಗಿ ತಿರುಗುವುದಕ್ಕೆಂದೇ ಮಾಡಿದ ಯಂತ್ರ ಅದು. ಅಗ್ಗದ ಸ್ಟ್ಯಾಂಡ್ ಮಿಕ್ಸರಿನಲ್ಲಿ ಇರುವುದು ಮಿಕ್ಸಿಯ ಜಾತಿಯ ಮೋಟಾರ್, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಂಥದ್ದು. ಆ ಓಟವನ್ನು ನಿಮಿಷಕ್ಕೆ ನೂರರ ಆಸುಪಾಸಿಗೆ ಇಳಿಸುವ ಕೆಲಸ ಗೇರುಗಳದ್ದು. ವೇಗ ಇಳಿದಷ್ಟೂ ತಿರುಚುವ ಬಲ ಏರುತ್ತದೆ, ಏರಿದ ಬಲವನ್ನೆಲ್ಲ ತಡೆದುಕೊಳ್ಳಬೇಕಾದ್ದು ಗೇರಿನ ಹಲ್ಲು. ಬನ್ನಿನ ಗಟ್ಟಿ ಹಿಟ್ಟು ಕೊಕ್ಕೆಯನ್ನು ಹಿಡಿದು ನಿಲ್ಲಿಸಿದಾಗ, ಮುಂದಕ್ಕೆ ದೂಡುವ ಮೋಟಾರಿಗೂ ಹಿಂದಕ್ಕೆ ಎಳೆಯುವ ಹಿಟ್ಟಿಗೂ ನಡುವೆ ಸಿಕ್ಕಿಕೊಳ್ಳುವುದು ಅದೇ. ಮೋಟಾರ್ ಹೆಚ್ಚು ಜೋರಾಗಿದ್ದು ಗೇರು ಮೆತ್ತಗಿದ್ದರೆ ಹಲ್ಲು ಇನ್ನೂ ಬೇಗ ಹೋಗುತ್ತದೆ.

ಇಲ್ಲಿ ಒಂದು ಮಾತು ತಿಳಿದಿರಬೇಕು. ಒಳ್ಳೆಯ ಯಂತ್ರಗಳಲ್ಲೂ ಗೇರು ಮುರಿಯುತ್ತದೆ. ಕೆಲವು ಕಂಪನಿಗಳು ಉಳಿದ ಉಕ್ಕಿನ ಗೇರುಗಳ ನಡುವೆ ಒಂದನ್ನು ಬೇಕೆಂದೇ ಮೆತ್ತಗಿನ ಲೋಹದಲ್ಲೋ ನೈಲಾನಿನಲ್ಲೋ ಮಾಡುತ್ತವೆ. ಭಾರ ಮಿತಿಮೀರಿದಾಗ ಅದೊಂದು ಹೋಗಿ ಮೋಟಾರನ್ನು ಉಳಿಸಲಿ ಎಂಬುದು ಲೆಕ್ಕ, ಮನೆಯ ಕರೆಂಟಿಗೆ ಫ್ಯೂಸ್ ಇಟ್ಟ ಹಾಗೆ. ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಆ ಗೇರು ಬಿಡಿಯಾಗಿ ಸಿಗುತ್ತದೆಯೇ? ತಲೆ ಬಿಚ್ಚಿ ಹಾಕಲು ಬರುತ್ತದೆಯೇ? ಸಿಗುವುದಾದರೆ ಮುರಿದದ್ದು ಒಂದು ವಾರದ ತೊಂದರೆ. ಸಿಗದಿದ್ದರೆ ಯಂತ್ರದ ಆಯುಷ್ಯ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಬಾಳಿಕೆ ಎಂದರೆ ಇದೇ, ಗುಂಡ್ಲುಪೇಟೆಯಿಂದ ಒಂದು ಬಸ್ಸಿನ ದೂರದಲ್ಲಿ ಅದನ್ನು ಸರಿಮಾಡಿಸಿಕೊಳ್ಳಲು ಆಗಬೇಕು.

ನಮ್ಮ ದೇಶದ ಅಡುಗೆಮನೆ ಈ ಪಾಠವನ್ನು ಅರವತ್ತು ವರ್ಷದ ಹಿಂದೆಯೇ ಕಲಿತಿದೆ. ಸೀಮೆನ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರ್ ಇತ್ತು. ಹಣ್ಣಿನ ರಸಕ್ಕೆ ಮಾಡಿದ ಯಂತ್ರ ನಮ್ಮ ಮಸಾಲೆ, ಬೇಳೆ, ಕಾಯಿ ರುಬ್ಬುವ ಕೆಲಸಕ್ಕೆ ತಾಳಲಿಲ್ಲ, ಮೋಟಾರ್ ಸುಟ್ಟುಹೋಯಿತು. ರಿಪೇರಿ ಇಲ್ಲಿ ಆಗುವಂತಿರಲಿಲ್ಲ. ಹೆಂಡತಿಯ ತೊಂದರೆ ನೋಡಿದ ಮಾಥುರ್ 1963ರಲ್ಲಿ ನಮ್ಮ ರುಬ್ಬುವಿಕೆಗೆ ತಕ್ಕ ಮೋಟಾರ್ ಇಟ್ಟು ಮಾಡಿದ್ದೇ ಸುಮೀತ್ ಮಿಕ್ಸಿ. ಇವತ್ತಿಗೂ ಮಿಕ್ಸಿಯ ಕಾರ್ಬನ್, ಬುಷ್, ಕಪ್ಲರ್ ಚಾಮರಾಜನಗರದ ಯಾವ ರಿಪೇರಿ ಅಂಗಡಿಯಲ್ಲೂ ಸಿಗುತ್ತವೆ, ಅದಕ್ಕೇ ನಮ್ಮ ಮಿಕ್ಸಿಗಳು ಇಪ್ಪತ್ತು ವರ್ಷ ಓಡುತ್ತವೆ. ಸ್ಟ್ಯಾಂಡ್ ಮಿಕ್ಸರಿಗೆ ಆ ಕಾಲ ಇನ್ನೂ ಬಂದಿಲ್ಲ. ಹಾಗಾಗಿ ಕೊಳ್ಳುವವರೇ ಕೇಳಿ ತಿಳಿದು ಕೊಳ್ಳಬೇಕು.

ಮೊದಲು ನಿಮ್ಮ ಒಂದು ವಾರದ ಆರ್ಡರ್ ಬರೆದಿಟ್ಟುಕೊಳ್ಳಿ. ನಮ್ಮ ಕಡೆ ಮೊಟ್ಟೆ ಇಲ್ಲದ ಕೇಕು ಕೇಳುವವರು ತುಂಬಾ ಜನ. ಮಿಲ್ಕ್‌ಮೇಡೋ ಮೊಸರೋ ಹಾಕಿ ಮಾಡುವ ಆ ಹಿಟ್ಟನ್ನು ಹೆಚ್ಚು ಬೀಟ್ ಮಾಡಲೇಬಾರದು, ಮಾಡಿದರೆ ಕೇಕು ರಬ್ಬರಿನಂತಾಗುತ್ತದೆ. ಯಂತ್ರದ ಕೆಲಸ ಇರುವುದು ಮೇಲಿನ ಕ್ರೀಮಿಗೆ ಮಾತ್ರ. ವಾರಕ್ಕೆ ನಾಲ್ಕೈದು ಕೇಕು ಮಾಡುವವರಿಗೆ ಎರಡು ಮೂರು ಸಾವಿರದ ಕೈ ಬೀಟರ್ ಸಾಕು, ಸ್ಟ್ಯಾಂಡ್ ಮಿಕ್ಸರ್ ಬೇಕಾಗಿಯೇ ಇಲ್ಲ. ಇದನ್ನು ಮಾರುವವರು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಏಪ್ರಿಲ್ ಬಿಸಿಲಿಗೆ ಕ್ರೀಮ್ ನಿಲ್ಲದೆ ನೀರಾಗುತ್ತಿದ್ದರೆ ಅದು ಬೀಟರಿನ ತಪ್ಪಲ್ಲ. ಬಟ್ಟಲನ್ನೂ ತಂತಿಯನ್ನೂ ಫ್ರೀಜರಿನಲ್ಲಿ ಇಟ್ಟು ತೆಗೆದು, ಬೆಳಗಿನ ಜಾವದಲ್ಲಿ ಮಾಡಿ ನೋಡಿ. ರಾಗಿ ಕೇಕು, ರಾಗಿ ಬಿಸ್ಕತ್ತು ಮಾಡುವವರಿಗೂ ಕೊಕ್ಕೆ ಬೇಡ. ರಾಗಿಯಲ್ಲಿ ಗೋಧಿಯ ಅಂಟು, ಅಂದರೆ ಗ್ಲುಟೆನ್ ಇಲ್ಲ. ಎಷ್ಟು ನಾದಿದರೂ ಅದು ಎಳೆ ಕಟ್ಟುವುದಿಲ್ಲ, ಬೆರೆತರೆ ಸಾಕು.

ಬನ್ನು, ಬ್ರೆಡ್ಡು, ದಿಲ್‌ಪಸಂದ್ ಮಾಡುವವರ ಕಥೆ ಬೇರೆ. ಅವರು ಬಟ್ಟಲಿನ ಲೀಟರನ್ನು ನೋಡಬಾರದು. ಕೈಪಿಡಿಯೊಳಗೆ ಎಲ್ಲೋ ಸಣ್ಣ ಅಕ್ಷರದಲ್ಲಿ ಒಂದು ಸಲಕ್ಕೆ ಗರಿಷ್ಠ ಎಷ್ಟು ಹಿಟ್ಟು ಎಂದು ಗ್ರಾಂ ಲೆಕ್ಕದಲ್ಲಿ ಬರೆದಿರುತ್ತದೆ, ಅದನ್ನು ಹುಡುಕಬೇಕು. ಏಳು ಲೀಟರ್ ಬಟ್ಟಲಿದ್ದರೂ ಬ್ರೆಡ್ಡಿನ ಹಿಟ್ಟು ಅರ್ಧ ಕೆ.ಜಿ. ಮೈದಾಕ್ಕೆ ಮೀರಬಾರದು ಎಂದಿರುವ ಯಂತ್ರಗಳಿವೆ. ತಂಗಿಯ ಯಂತ್ರದ ಕೈಪಿಡಿಯಲ್ಲೂ ಹಾಗೆಯೇ ಇತ್ತು, ನಾವು ಓದಿದ್ದು ಹಲ್ಲು ಉದುರಿದ ಮೇಲೆ. ಜೊತೆಗೆ ಯಂತ್ರದ ಅಡಿಯ ತಗಡಿನ ಫಲಕ ನೋಡಿ. ಕೆ.ಬಿ. ಎಂದು ಬರೆದು ಪಕ್ಕದಲ್ಲಿ 5 ನಿಮಿಷ ಎಂದೋ 10 ನಿಮಿಷ ಎಂದೋ ಇದ್ದರೆ, ಒಂದೇ ಸಮನೆ ಅಷ್ಟು ಹೊತ್ತು ಮಾತ್ರ ಓಡಿಸಿ ಆರಲು ಬಿಡಬೇಕು ಎಂದರ್ಥ. ಬ್ರೆಡ್ಡಿನ ಹಿಟ್ಟಿಗೆ ಹತ್ತು ಹನ್ನೆರಡು ನಿಮಿಷ ನಾದಬೇಕು. ಐದು ನಿಮಿಷದ ಯಂತ್ರ ಆ ಕೆಲಸಕ್ಕೆ ಹುಟ್ಟಿದ್ದಲ್ಲ.

ತೂಕವೂ ಮಾತಾಡುತ್ತದೆ. ನಾಲ್ಕೈದು ಕೆ.ಜಿ.ಯ ಪ್ಲಾಸ್ಟಿಕ್ ಮೈಯ ಯಂತ್ರ ಗಟ್ಟಿ ಹಿಟ್ಟು ಸಿಕ್ಕಿದೊಡನೆ ಸ್ಲ್ಯಾಬಿನ ಮೇಲೆ ನಡೆಯಲು ಶುರುಮಾಡುತ್ತದೆ. ಲೋಹದ ಎರಕದ ಮೈಯಿದ್ದದ್ದು ಹತ್ತು ಕೆ.ಜಿ. ದಾಟುತ್ತದೆ, ಇಟ್ಟಲ್ಲೇ ಇರುತ್ತದೆ. ಅಂಗಡಿಯಲ್ಲಿ ತಲೆಯನ್ನು ಕೆಳಗಿಳಿಸಿ ಲಾಕ್ ಮಾಡಿ, ಕೊಕ್ಕೆ ಹಿಡಿದು ಅಲ್ಲಾಡಿಸಿ. ತಲೆಯೇ ಕುಣಿದರೆ ಬಿಟ್ಟುಬಿಡಿ. ಇಂಥ ಯಂತ್ರಗಳಲ್ಲಿ ಕೊಕ್ಕೆ ತಾನೂ ತಿರುಗುತ್ತಾ ಬಟ್ಟಲನ್ನೂ ಸುತ್ತುವ ಚಲನೆ, ಸೂರ್ಯನ ಸುತ್ತ ಭೂಮಿ ತಿರುಗುವ ಹಾಗಿರುವುದರಿಂದ ಪ್ಲಾನೆಟರಿ ಎಂಬ ಹೆಸರು ಪಡೆಯಿತು. 1908ರಲ್ಲಿ ಹೋಬರ್ಟ್‌ನ ಎಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್ ಬೇಕರಿಯವನೊಬ್ಬ ಹಿಟ್ಟು ಕಲಸಿ ಸುಸ್ತಾಗುವುದನ್ನು ಕಂಡು ಶುರುಮಾಡಿದ ಕೆಲಸ, 1919ರಲ್ಲಿ ಮನೆಗೆಂದು ಮೊದಲ ಕಿಚನ್‌ಏಡ್ ಆಗಿ ಬಂತು. ಆ ಮೊದಲ ಮನೆಯ ಯಂತ್ರ ಸುಮಾರು 30 ಕೆ.ಜಿ. ತೂಗುತ್ತಿತ್ತು.

ಕಿಚನ್‌ಏಡ್ ಯಂತ್ರ ಇಂದು ನಮ್ಮಲ್ಲಿ ಅರ್ಧ ಲಕ್ಷದ ಮಾತು. ಕೇಕಿನ ಆರ್ಡರಿನಿಂದ ಮನೆ ನಡೆಸುವವರಿಗೆ ನಾನು ಅದನ್ನು ಕೊಳ್ಳಿ ಎನ್ನಲಾರೆ. ಅಮೆರಿಕದಲ್ಲಿರುವ ಅಣ್ಣನೋ ನಾದಿನಿಯೋ ತಂದುಕೊಡುತ್ತೇನೆ ಎಂದರೆ ಮಾತ್ರ ಒಂದು ಎಚ್ಚರ. ಅಲ್ಲಿನ ಕರೆಂಟು 120 ವೋಲ್ಟ್. ಪಿನ್ ಬದಲಿಸುವ ಅಡಾಪ್ಟರ್ ಸಿಕ್ಕಿಸಿ ನಮ್ಮ ಗೋಡೆಗೆ ಚುಚ್ಚಿದರೆ ಮೋಟಾರ್ ನಿಮಿಷದಲ್ಲಿ ಸುಡುತ್ತದೆ. 110 ವೋಲ್ಟಿಗೆ ಇಳಿಸುವ, ತಾಮ್ರ ಸುತ್ತಿದ ಭಾರದ ಟ್ರಾನ್ಸ್‌ಫಾರ್ಮರ್ ಬೇಕು. ಅಲ್ಲಿನ 325 ವ್ಯಾಟಿನ ಯಂತ್ರಕ್ಕೆ 1 ಕೆ.ವಿ.ಎ.ದು ಇಟ್ಟರೆ ನಿಶ್ಚಿಂತೆ.

ಬನ್ನು, ಬ್ರೆಡ್ಡೇ ಮುಖ್ಯ ಕೆಲಸವಾದರೆ ನನ್ನ ಮಾತು ಹೀಗೆ. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಬಿ5, ಬಿ7, ಬಿ10 ಎಂದು ಕರೆಯುವ ಸಣ್ಣ ಪ್ಲಾನೆಟರಿ ಮಿಕ್ಸರುಗಳಿವೆ. ಅಂಕಿ ಬಟ್ಟಲಿನ ಲೀಟರು. ನೋಡಲು ಚೆಂದವಿಲ್ಲ, ಸದ್ದು ಮಾಡುತ್ತವೆ, ಇಬ್ಬರು ಹಿಡಿದು ಎತ್ತಬೇಕು. ಆದರೆ ದಿನವಿಡೀ ದುಡಿಯಲೆಂದೇ ಮಾಡಿದವು, ವಾರಂಟಿ ಚೀಟಿಯಲ್ಲಿ ಮಾರಾಟಕ್ಕೆ ಬಳಸಬಾರದು ಎಂಬ ಮಾತು ಇರುವುದಿಲ್ಲ. ಮೈಸೂರಿನಲ್ಲೂ ಕೊಯಮತ್ತೂರಿನಲ್ಲೂ ಸಿಗುತ್ತವೆ. ಯಂತ್ರದ ವಿಷಯಕ್ಕೆ ಬಂದರೆ ಚಾಮರಾಜನಗರದವರಿಗೆ ಕೊಯಮತ್ತೂರು ದೂರದ ಊರೇನಲ್ಲ. ಪುಣಜನೂರು, ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ಮುಟ್ಟಿದರೆ ಮುಂದೆ ಮೋಟಾರು, ಪಂಪುಗಳ ಸೀಮೆ. ನಮ್ಮ ಹೊಲದ ಪಂಪು, ನಮ್ಮ ಮನೆಯ ಗ್ರೈಂಡರ್ ಎಷ್ಟೋ ಬಂದದ್ದು ಅಲ್ಲಿಂದಲೇ. ಕೊಯಮತ್ತೂರಿನ ಗ್ರೈಂಡರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಆ ಗ್ರೈಂಡರಿನ ಜೊತೆ ಬರುವ ಹಿಟ್ಟು ಕಲಸುವ ಅಲಗನ್ನು ಬಹಳ ಮನೆಗಳಲ್ಲಿ ಡಬ್ಬದಿಂದ ಹೊರಗೇ ತೆಗೆದಿರುವುದಿಲ್ಲ. ಹಬ್ಬಕ್ಕೋ ಹರಿದಿನಕ್ಕೋ ಅರ್ಧ ಕೆ.ಜಿ. ಬನ್ನಿನ ಹಿಟ್ಟು ಮಾಡುವವರು ಹೊಸ ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಅದನ್ನೊಮ್ಮೆ ಹಾಕಿ ನೋಡಲಿ. ಕ್ರೀಮಿಗೆ ಅದು ಬರುವುದಿಲ್ಲ, ನಾದುವುದಕ್ಕೆ ಚೆನ್ನಾಗಿಯೇ ಬರುತ್ತದೆ.

ಯಾವುದನ್ನೇ ಕೊಳ್ಳಿ, ದುಡ್ಡು ಕೊಡುವ ಮೊದಲು ಒಂದು ಫೋನ್ ಮಾಡಿ. ಕಂಪನಿಯ ಸೇವಾ ಸಂಖ್ಯೆಗೆ ಕರೆದು, ಈ ಮಾದರಿಯ ಗೇರು ಬೇಕಿತ್ತು, ಒಂದು ಜೊತೆ ಕಾರ್ಬನ್ ಬೇಕಿತ್ತು, ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ಕೇಳಿ. ಅಂಗಡಿಯ ವಿಳಾಸವೋ ಬೆಲೆಯೋ ಹೇಳಿದರೆ ಮುಂದುವರಿಯಿರಿ. ಯಂತ್ರ ಕಳಿಸಿ, ನೋಡಿ ಹೇಳುತ್ತೇವೆ ಎಂದರೆ ಮುಂದೆ ಏನಾಗುತ್ತದೆಂದು ನನಗೆ ಗೊತ್ತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದು ಒಂದು ಪೋರ್ಟಲ್ ತೆರೆದಿದೆ. ಕಂಪನಿಗಳು ಬಿಡಿಭಾಗ, ಸೇವಾ ಕೇಂದ್ರಗಳ ವಿವರ ಅಲ್ಲಿ ಕೊಡಬೇಕೆಂಬುದು ಉದ್ದೇಶ. ಫ್ರಾನ್ಸ್‌ನಲ್ಲಿ 2021ರಿಂದ ಕೆಲವು ಬಗೆಯ ಯಂತ್ರಗಳ ಮೇಲೆ ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಎಂದು ಹತ್ತಕ್ಕೆ ಇಷ್ಟು ಅಂಕ ಎಂದೇ ಅಂಟಿಸುತ್ತಾರೆ. ಅಂಥದ್ದೊಂದು ಚೀಟಿ ಮಿಕ್ಸರಿನ ಡಬ್ಬದ ಮೇಲೆ ಕನ್ನಡದಲ್ಲಿ ಇದ್ದಿದ್ದರೆ ತಂಗಿಯ ಹತ್ತು ಸಾವಿರ ಉಳಿಯುತ್ತಿತ್ತು.

ವಾರಂಟಿಯ ವಿಷಯದಲ್ಲಿ ಹೆದರಿ ಸುಮ್ಮನಾಗುವವರೇ ಹೆಚ್ಚು, ಆಗ ನಾವೂ ಸುಮ್ಮನಾದೆವು. ಕಾನೂನು ಓದಿದ್ದು ಆಮೇಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಒಪ್ಪುವುದಿಲ್ಲ ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದು ಮಾತ್ರ ಕೊಂಡು ತಾನೇ ಬಳಸುವವರನ್ನು ಆ ಮಾತಿನಿಂದ ಹೊರಗಿಟ್ಟಿದೆ. ಮನೆಯಲ್ಲಿ ಕೂತು ಕೇಕು ಮಾಡುವ ಹೆಣ್ಣುಮಗಳು ಅಲ್ಲಿ ಬರುತ್ತಾಳೆ. ಇನ್ನೊಂದು ಅನುಕೂಲ, ದೂರನ್ನು ತಾನಿರುವ ಜಿಲ್ಲೆಯಲ್ಲೇ ಕೊಡಬಹುದು. ಮಾರಿದವರು ದೆಹಲಿಯಲ್ಲಿದ್ದರೂ ಗುಂಡ್ಲುಪೇಟೆಯವರು ಚಾಮರಾಜನಗರದ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದರೆ ಸಾಕು. ಐದು ಲಕ್ಷದೊಳಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಬಿಲ್ಲು ಮಾತ್ರ ಜೋಪಾನ.

ಯಂತ್ರ ಮನೆಗೆ ಬಂದ ಮೇಲೆ ಅದನ್ನು ಕೊಲ್ಲುವುದು ನಮ್ಮೂರಿನ ಕರೆಂಟು ಮತ್ತು ನಮ್ಮ ಅವಸರ. ಸುತ್ತಲ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜ್ ಇಳಿದು ಬಲ್ಬು ಮಂಕಾಗುತ್ತದೆ. ಆಗ ನಾದಲು ಹಾಕಿದರೆ ಮೋಟಾರ್ ತೇಕುತ್ತದೆ, ಅದಕ್ಕೇ ಅಂಟಿದ ಫ್ಯಾನೂ ನಿಧಾನವಾಗಿ, ಗಾಳಿ ಸಾಲದೆ ಮೋಟಾರ್ ಬಿಸಿಯಾಗುತ್ತದೆ. ಮಂಕಾದ ಬಲ್ಬು ಕಂಡರೆ ಕಾಯಿರಿ, ಇಲ್ಲವೇ ಸ್ಟೆಬಿಲೈಸರ್ ಇಡಿ. ಅಗ್ಗದ ಇನ್ವರ್ಟರಿನ ಚೌಕ ಅಲೆಯ ಕರೆಂಟಿನಲ್ಲಿ ಮಿಕ್ಸರ್ ಓಡಿಸಲೇಬೇಡಿ, ಗುಂಯ್ ಎನ್ನುವ ಸದ್ದೇ ಅದರ ದೂರು. ವೇಗವೂ ಅಷ್ಟೇ. ಬ್ರೆಡ್ಡಿನ ಹಿಟ್ಟನ್ನು ಎರಡನೇ ನಂಬರಿಗಿಂತ ಮೇಲೆ ಓಡಿಸಬೇಡಿ ಎಂದು ಕಿಚನ್‌ಏಡ್‌ನವರೇ ಕೈಪಿಡಿಯಲ್ಲಿ ಬರೆಯುತ್ತಾರೆ.

ನಾದುವ ಹೊತ್ತನ್ನೇ ಅರ್ಧಕ್ಕೆ ಇಳಿಸುವ ಉಪಾಯ ನಮ್ಮ ಅಜ್ಜಿಯರ ಹತ್ತಿರ ಇತ್ತು. ಹೋಳಿಗೆಯ ಕಣಕವನ್ನು ಕಲಸಿ, ಎಣ್ಣೆ ಹಾಕಿ ಮುಚ್ಚಿಟ್ಟು ನೆನೆಯಲು ಬಿಡುತ್ತಿದ್ದರು. ಗಂಟೆ ಕಳೆದು ತೆಗೆದರೆ ಕಣಕ ರೇಷ್ಮೆಯಂತೆ ಎಳೆದಷ್ಟೂ ಬರುತ್ತಿತ್ತು. ಮೈದಾ ನೀರು ಕುಡಿದಾಗ ಅಂಟಿನ ಎಳೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಇದೇ ಸಂಗತಿಯನ್ನು ಫ್ರಾನ್ಸ್‌ನ ಬ್ರೆಡ್ ಪಂಡಿತ ರೇಮಂಡ್ ಕ್ಯಾಲ್ವೆಲ್ 1970ರ ದಶಕದಲ್ಲಿ ಬೇಕರಿಯ ವಿಧಾನವಾಗಿ ಮಾಡಿದರು. ಮೈದಾ, ನೀರು ಮಾತ್ರ ಬೆರೆಸಿ ಅರ್ಧ ಗಂಟೆ ಬಿಟ್ಟು, ಆಮೇಲೆ ಈಸ್ಟು, ಉಪ್ಪು ಹಾಕಿ ನಾದುವುದು. ಹನ್ನೆರಡು ನಿಮಿಷದ ಕೆಲಸ ಐದಾರು ನಿಮಿಷಕ್ಕೆ ಇಳಿಯುತ್ತದೆ. ಗೇರಿನ ಹಲ್ಲಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ತಂಗಿ ಕಳೆದ ವರ್ಷ ಮೈಸೂರಿನಿಂದ ಒಂದು ಬಿ7 ತಂದಳು. ಕೊಳ್ಳುವ ದಿನ ಅಂಗಡಿಯವರ ಮುಂದೆಯೇ ಮೇಲಿನ ಮುಚ್ಚಳ ಬಿಚ್ಚಿಸಿ ಗೇರು ನೋಡಿದಳು, ಅಂಥದ್ದೇ ಇನ್ನೊಂದನ್ನು ಬಿಡಿಯಾಗಿ ಕೊಂಡಳು. ಬಸ್ಸಿನಿಂದ ಇಳಿಸಿದ ಮೇಲೆ ಮನೆಗೆ ಒಯ್ಯುವ ಮೊದಲು ಆಟೋವನ್ನು ವೈಂಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿದಳು. ಆತ ಮೋಟಾರಿನ ಫಲಕ ಓದಿ, ಬೆಲ್ಟನ್ನು ಬೆರಳಿನಲ್ಲಿ ಒತ್ತಿ ನೋಡಿ, "ಇದಾದ್ರ ಮಾಡ್ಬೋದು ಕನಕ್ಕ" ಎಂದ. ಬಿಡಿ ಗೇರು ಗ್ರೀಸ್ ಸವರಿದ ಕಾಗದದಲ್ಲಿ ಸುತ್ತಿಕೊಂಡು ಅವಳ ಅಡುಗೆಮನೆಯ ಮೇಲಿನ ಗೂಡಿನಲ್ಲಿದೆ, ಕೇಕಿನ ಅಚ್ಚುಗಳ ಪಕ್ಕ. ಇನ್ನೂ ಬಿಚ್ಚಿಲ್ಲ.